ಹುಂಜಮರಿಯೋ ಹೇಂಟೆಮರಿಯೋ: ತಿಳಿಯುವುದು ಹೇಗೆ, ಗುಂಪಿಗೆ ಬಿಡುವುದು ಯಾವಾಗ

ಮೊಟ್ಟೆಗೆಂದು ಹತ್ತು ನಾಟಿ ಮರಿ ತಂದರೆ ಅದರಲ್ಲಿ ಐದಾರು ಹುಂಜ ಬರುವುದು ಮಾರಿದವರ ಮೋಸವಲ್ಲ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಗಂಡೇ. ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಎನ್ನುವುದು, ಮರಿಯ ಕಾಲು ಹಿಡಿದು ತಲೆಕೆಳಗು ಮಾಡಿ ನೋಡುವುದು, ದಾರಕ್ಕೆ ಸೂಜಿ ಕಟ್ಟಿ ತೂಗುವುದು, ಇವೆಲ್ಲ ನಾಣ್ಯ ಚಿಮ್ಮಿದಷ್ಟೇ ನಿಜ. ಅರ್ಧ ಸಲ ಸರಿಯಾಗುವುದರಿಂದಲೇ ನಂಬಿಕೆ ಉಳಿದುಕೊಂಡಿದೆ.

ಒಂದು ದಿನದ ಮರಿಯಲ್ಲೇ ಗುರುತಿಸುವ ವಿಧಾನಗಳಿಲ್ಲವೆಂದಲ್ಲ. ಗುದದ್ವಾರವನ್ನು ಮೆಲ್ಲಗೆ ಬಿಡಿಸಿ ಒಳಗಿನ ಸಣ್ಣ ಗುಬುಟನ್ನು ನೋಡುವ ಕ್ರಮವನ್ನು ಜಪಾನಿನ ಮಸುಯಿ, ಹಾಶಿಮೊಟೊ ಮೊದಲಾದವರು 1920ರ ದಶಕದಲ್ಲಿ ಬೆಳಕಿಗೆ ತಂದರು. ಅದು ವರ್ಷಗಟ್ಟಲೆ ಪಳಗಿದ ಕೈಗಳ ಕೆಲಸ; ಮನೆಯಲ್ಲಿ ಪ್ರಯೋಗಿಸಿದರೆ ಮರಿಯ ಕರುಳಿಗೆ ಪೆಟ್ಟಾಗಬಹುದು. ರೆಕ್ಕೆಗರಿ ನೋಡುವುದು ಸುಲಭ: ಉದ್ದ ಗರಿಗಳು ಮೇಲಿನ ಹೊದಿಕೆ ಗರಿಗಳಿಗಿಂತ ಸ್ಪಷ್ಟವಾಗಿ ಮುಂದೆ ಬಂದಿದ್ದರೆ ಹೆಣ್ಣು, ಎರಡೂ ಸಮನಾಗಿದ್ದರೆ ಗಂಡು. ಆದರೆ ನಿಧಾನವಾಗಿ ಗರಿ ಬರುವ ತಾಯಿ, ಬೇಗ ಗರಿ ಬರುವ ತಂದೆ ಎಂದು ಆರಿಸಿ ಕೂಡಿಸಿದ ತಳಿಯಲ್ಲಿ ಮಾತ್ರ, ಅದೂ ಮೊದಲ ಎರಡು-ಮೂರು ದಿನ ಮಾತ್ರ, ಇದು ನಡೆಯುತ್ತದೆ. ಹಿತ್ತಲಿನ ಬೆರಕೆ ನಾಟಿ ಕೋಳಿಯಲ್ಲಿ ನಡೆಯುವುದಿಲ್ಲ.

ಆದ್ದರಿಂದ ವಾರ ಎಣಿಸುವುದೇ ದಾರಿ. ಐದಾರು ವಾರಕ್ಕೆ ಜುಟ್ಟು ನೋಡಿ. ಹುಂಜಮರಿಯದು ಅಗಲವಾಗಿ ಕೆಂಪೇರಲು ತೊಡಗುತ್ತದೆ, ಹೇಂಟೆಮರಿಯದು ತೆಳ್ಳಗೆ, ಹಳದಿ ಅಥವಾ ತಿಳಿಗುಲಾಬಿಯಾಗಿಯೇ ಇರುತ್ತದೆ. ಹುಂಜಮರಿಯ ಕಾಲೂ ದಪ್ಪ. ಹೋಲಿಸುವಾಗ ಒಂದೇ ದಿನ ಒಡೆದ, ಒಂದೇ ತಳಿಯ ಮರಿಗಳನ್ನೇ ಅಕ್ಕಪಕ್ಕ ಇಡಬೇಕು. ವಯಸ್ಸು ಬೇರೆಯಾದರೆ ಜುಟ್ಟು ದಾರಿ ತಪ್ಪಿಸುತ್ತದೆ. ಅಸೀಲಿನಂಥ ಗಿಡ್ಡ ಜುಟ್ಟಿನ ಜಾತಿಗಳಲ್ಲಂತೂ ಈ ವಯಸ್ಸಿನಲ್ಲಿ ತೀರ್ಮಾನಕ್ಕೆ ಬರದಿರುವುದೇ ಮೇಲು.

ನಂಬಬಹುದಾದ ಗುರುತು ಬರುವುದು ಹತ್ತರಿಂದ ಹದಿನಾಲ್ಕು ವಾರದ ನಡುವೆ, ಬೆನ್ನಿನ ಮೇಲೆ. ಬಾಲದ ಬುಡದ ಹತ್ತಿರದ ಗರಿಯನ್ನು ಬೆರಳಿನಿಂದ ಎತ್ತಿ ನೋಡಿ. ತುದಿ ಚೂಪಾಗಿ, ಉದ್ದವಾಗಿ, ಹೊಳೆಯುತ್ತ ಎರಡೂ ಬದಿಗೆ ಇಳಿಬಿದ್ದಿದ್ದರೆ ಹುಂಜ. ತುದಿ ದುಂಡಗಿದ್ದರೆ ಹೇಂಟೆ. ಕುತ್ತಿಗೆ ಗರಿಯೂ ಹೀಗೆಯೇ. ಕಾಲಿನ ಮುಳ್ಳನ್ನು ನಂಬಬೇಡಿ, ಎಳೆಯ ಹುಂಜಕ್ಕೂ ಅದು ಬರೀ ಗುಬುಟು, ಕೆಲವು ಹೇಂಟೆಗಳಿಗೂ ಬರುತ್ತದೆ.

ಗಂಡು-ಹೆಣ್ಣು ಗೊತ್ತಾಗುವ ಈ ವಯಸ್ಸೇ ದೊಡ್ಡ ಗುಂಪಿಗೆ ಸೇರಿಸುವ ವಯಸ್ಸೂ ಹೌದು. ಗುರುತು ತಪ್ಪಿದರೆ ಹೇಂಟೆಯೆಂದು ಬಿಟ್ಟ ಮರಿ ಹಳೆಯ ಹುಂಜಕ್ಕೆ ಎದುರಾಳಿಯಾಗಿ ನಿಲ್ಲುತ್ತದೆ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮಿಕ್ಕ ಹುಂಜಮರಿಗಳನ್ನು ಬೇರೆ ಗೂಡಿನಲ್ಲಿ ಬೆಳೆಸಿ.

ಹೊರಗಿನಿಂದ ತಂದ ಮರಿಗಳನ್ನು ಮೊದಲು ಮೂರು-ನಾಲ್ಕು ವಾರ ದೂರದಲ್ಲೇ ಇಡಬೇಕು. ಹಳೆಯ ಕೋಳಿಗಳಿಗೆ ಮೊದಲು ಮೇವು-ನೀರು, ಹೊಸವಕ್ಕೆ ಕೊನೆಗೆ. ಬಕೆಟ್ಟು, ಚಪ್ಪಲಿ ಎರಡಕ್ಕೂ ಬೇರೆ ಬೇರೆ. ಕೊಕ್ಕರೆ ರೋಗದ (ಕೋಳಿಗಳಿಗೆ ಬೇಗ ಹರಡುವ ರಾಣಿಖೇತ್ ರೋಗ) ಲಸಿಕೆ, ಅಂದರೆ ಮೊದಲ ವಾರದಲ್ಲಿ ಮತ್ತು ನಾಲ್ಕನೇ ವಾರದಲ್ಲಿ ಕಣ್ಣಿಗೆ ಹನಿ, ಎಂಟನೇ ವಾರದಲ್ಲಿ ಆರ್‌2ಬಿ ಚುಚ್ಚುಮದ್ದು, ಮುಗಿದು ಎರಡು ವಾರವಾದರೂ ಆಗಿರಲಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಸೇರಿಸುವ ಮಾತು ಬಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ.

ಆಮೇಲೆ ಜಾಲರಿಯ ಸರದಿ. ಹಳೆಯ ಗುಂಪು ಓಡಾಡುವ ಜಾಗದಲ್ಲೇ ಜಾಲರಿ ಕಟ್ಟಿ, ಎಳೆಯವನ್ನು ಒಳಗೆ ಏಳರಿಂದ ಹತ್ತು ದಿನ ಇಡಿ. ಒಂದನ್ನೊಂದು ನೋಡಲಿ, ಕುಕ್ಕಲು ಮಾತ್ರ ಎಟುಕದಿರಲಿ. ಮೇವಿನ ತಟ್ಟೆಗಳನ್ನು ಜಾಲರಿಯ ಆಚೆ-ಈಚೆ ಹತ್ತಿರವೇ ಇಟ್ಟರೆ ಹೊಂದಿಕೆ ಬೇಗ. ಮರಿಗಳು ದೊಡ್ಡವುಗಳ ಮುಕ್ಕಾಲು ಗಾತ್ರಕ್ಕಾದರೂ ಬಂದ ಮೇಲೆ ಜಾಲರಿ ತೆಗೆಯಿರಿ. ಒಂಟಿಯಾಗಿ ಎಂದೂ ಬಿಡಬೇಡಿ, ಕನಿಷ್ಠ ಮೂರು ಒಟ್ಟಿಗಿರಲಿ. ಕತ್ತಲಾದ ಮೇಲೆ ಎತ್ತಿ ಕೋಲಿನ ಮೇಲೆ ಕೂರಿಸಿಬಿಟ್ಟರೆ ಸಾಕೆಂದು ಹಲವರು ಹೇಳುತ್ತಾರೆ. ಜಾಲರಿಯ ದಿನಗಳನ್ನು ಮುಗಿಸಿದವಕ್ಕೆ ಅದು ಸರಿ. ಇಲ್ಲದಿದ್ದರೆ ಬೆಳಗಿನ ಜಾವದಲ್ಲಿ ಇಕ್ಕಟ್ಟಾದ ಗೂಡಿನೊಳಗೇ ಕಾಳಗ ಶುರುವಾಗುತ್ತದೆ. ನಸುಕಿನಲ್ಲಿ ಹೋಗಿ ಬಾಗಿಲು ತೆಗೆಯುವವರು ಬೇಕು.

ಮೇವು-ನೀರನ್ನು ಎರಡು-ಮೂರು ಕಡೆ ಇಡಿ. ಬಲಾಢ್ಯ ಹೇಂಟೆ ಒಂದು ತಟ್ಟೆಯನ್ನು ಕಾಯಬಲ್ಲದು, ಮೂರನ್ನಲ್ಲ. ಹಳೆಯ ಮಂಕರಿ, ಓರೆಗೆ ನಿಲ್ಲಿಸಿದ ಹಲಗೆ ಇದ್ದರೆ ಓಡಿ ಮರೆಯಾಗಲು ಆಸರೆ. ಆದರೆ ಎರಡೂ ಕಡೆ ದಾರಿಯಿರಲಿ, ಮೂಲೆಗೆ ಸಿಕ್ಕ ಮರಿಯೇ ಸಾಯುವುದು. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಸುಮಾರು ನೂರಕ್ಕೆ ಮೂರೂವರೆ ಪಾಲು. ಮೊಟ್ಟೆಗೆ ಬರದ ಮರಿ ವಾರಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಬೆಳೆಯುವ ಮರಿಯ ಮೇವನ್ನೇ ಹಾಕಿ, ಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆ ಇಡುವವು ತಾವೇ ಹುಡುಕಿ ತಿನ್ನುತ್ತವೆ.

ಒಂದು ವಾರ ಅಟ್ಟಾಡಿಸುವುದು, ತಲೆಗೆ ಕುಕ್ಕುವುದು ಇದ್ದದ್ದೇ. ನಡುವೆ ಬರಬೇಡಿ. ರಕ್ತ ಕಂಡರೆ ಮಾತ್ರ ತಡಮಾಡದೆ ಗಾಯಗೊಂಡದ್ದನ್ನು ಎತ್ತಿ ಜಾಲರಿಯೊಳಗೆ ಹಾಕಿ. ಕೆಂಪು ಕಂಡಲ್ಲಿ ಇಡೀ ಗುಂಪು ಮುಗಿಬೀಳುತ್ತದೆ. ಗಾಯ ಮಾಯುವ ಹೊತ್ತಿಗೆ, ಕುಕ್ಕಿದ ಹೇಂಟೆಯನ್ನೂ ಮೂರು-ನಾಲ್ಕು ದಿನ ಬೇರೆ ಕೂಡಿಹಾಕಿ. ತಿರುಗಿ ಬರುವಾಗ ಅದೇ ಹೊಸಬಳಾಗಿರುತ್ತದೆ, ತನ್ನ ಜಾಗಕ್ಕೆ ಅದೇ ಪರದಾಡಬೇಕಾಗುತ್ತದೆ.