ಥಾಯ್ಲೆಂಡ್ ಮಹಿಳಾ ಕ್ರಿಕೆಟ್ ತಂಡ: ಗೆದ್ದರೂ ಲೆಕ್ಕಕ್ಕೆ ಬಾರದ ಪಂದ್ಯಗಳು

ಸತತ 17 ಟಿ20 ಪಂದ್ಯ ಗೆದ್ದು ವಿಶ್ವದಾಖಲೆ ಮಾಡಿದ ತಂಡಕ್ಕೆ 50 ಓವರ್‌ಗಳ ವಿಶ್ವಕಪ್ಪಿಗೆ ಯಾಕೆ ಹೋಗಲಾಗಲಿಲ್ಲ? ಈ ಟಿಪ್ಪಣಿ ಓದುವಾಗ ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ. ಥಾಯ್ಲೆಂಡ್ ಹೆಣ್ಣುಮಕ್ಕಳ ಕಥೆ ಕೇಳಲು ಚೆನ್ನಾಗಿದೆ, ಹಾಗಾಗಿ ಎಲ್ಲರೂ ಕಥೆಯನ್ನಷ್ಟೇ ಹೇಳಿ ಮುಗಿಸುತ್ತಾರೆ. ಅದರ ಹಿಂದಿನ ನಿಯಮ ಅರ್ಥವಾಗದಿದ್ದರೆ ಈ ತಂಡ ಅರ್ಥವಾಗುವುದಿಲ್ಲ.

ಮೊದಲು ಹಿನ್ನೆಲೆ

ಥಾಯ್ಲೆಂಡ್ ಐಸಿಸಿ (ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ) ಒಳಗೆ ಬಂದದ್ದು 1995ರಲ್ಲಿ, ಅಸೋಸಿಯೇಟ್ ಸದಸ್ಯ, ಅಂದರೆ ಪೂರ್ಣ ಸದಸ್ಯ ದೇಶಗಳಿಗಿಂತ ಕೆಳಗಿನ ದರ್ಜೆಯ ಸದಸ್ಯ, ಆದದ್ದು 2005ರಲ್ಲಿ. ಮಹಿಳಾ ತಂಡ ಮೊದಲ ಬಾರಿ ಬೇರೆ ದೇಶದ ಎದುರು ಆಡಿದ್ದು 2007ರಲ್ಲಿ. ದೇಶದಲ್ಲಿ ಜನ ನೋಡುವುದು ಫುಟ್‌ಬಾಲ್, ವಾಲಿಬಾಲ್, ಮುಯೆ ಥಾಯ್. ಗಲ್ಲಿಯಲ್ಲಿ ಬ್ಯಾಟ್ ಹಿಡಿದು ಬೆಳೆದ ಹುಡುಗಿಯರು ಅಲ್ಲಿ ಸಿಗುವುದಿಲ್ಲ. ಹಾಗಾದರೆ ಆಟಗಾರ್ತಿಯರು ಬಂದದ್ದು ಎಲ್ಲಿಂದ? ಬಹಳಷ್ಟು ಮಂದಿ ಸಾಫ್ಟ್‌ಬಾಲ್‌ನಿಂದ. ವಿಶ್ವಕಪ್‌ನಲ್ಲಿ ನಾಯಕಿಯಾಗಿದ್ದ ಸೊರ್ನರಿನ್ ಟಿಪ್ಪೋಚ್ ಕೂಡ ಮೊದಲು ಸಾಫ್ಟ್‌ಬಾಲ್ ಆಡುತ್ತಿದ್ದವರೇ.

ಇದು ಸುಮ್ನೆ ಒಂದು ಸ್ವಾರಸ್ಯದ ಸಂಗತಿ ಅಲ್ಲ, ಅವರ ಆಟದಲ್ಲೇ ಕಾಣುತ್ತದೆ. ಸಾಫ್ಟ್‌ಬಾಲ್‌ನಿಂದ ಕ್ಯಾಚ್ ಮತ್ತು ಥ್ರೋ ನೇರವಾಗಿ ಜೊತೆಗೆ ಬರುತ್ತವೆ. ಬೌಲಿಂಗ್ ಬರುವುದಿಲ್ಲ, ಏಕೆಂದರೆ ಅಲ್ಲಿ ಚೆಂಡನ್ನು ಕೆಳಗಿನಿಂದ ಎಸೆಯುತ್ತಾರೆ. ತೋಳು ನೆಟ್ಟಗೆ ಇಟ್ಟು ಮೇಲಿನಿಂದ ತಿರುಗಿಸುವುದನ್ನು ಹೊಸದಾಗಿ ಕಲಿಯಬೇಕು. ನೇರ ಬ್ಯಾಟಿನಲ್ಲಿ ಚೆಂಡು ತಡೆಯುವುದನ್ನೂ ಅಷ್ಟೇ. ಹಾಗಾಗಿ ಈ ತಂಡದಲ್ಲಿ ಫೀಲ್ಡಿಂಗ್ ಮೊದಲೇ ಹರಿತವಾಗಿತ್ತು, ಬ್ಯಾಟಿಂಗ್ ಹಿಂದೆ ಉಳಿಯಿತು.

ಫೀಲ್ಡಿಂಗ್‌ಗೆ ಒಂದೇ ಉದಾಹರಣೆ ಸಾಕು. 2020ರ ನವೆಂಬರ್‌ನಲ್ಲಿ ಶಾರ್ಜಾದಲ್ಲಿ ಮಹಿಳಾ ಟಿ20 ಚಾಲೆಂಜ್ ಫೈನಲ್. ಸ್ಮೃತಿ ಮಂಧಾನ ನಾಯಕಿಯಾಗಿದ್ದ ಟ್ರೇಲ್‌ಬ್ಲೇಜರ್ಸ್ ತಂಡದಲ್ಲಿ ಥಾಯ್ಲೆಂಡ್‌ನ ನಟ್ಟಕನ್ ಚಂಟಮ್ ಇದ್ದರು. ಚೆಂಡು ಬೌಂಡರಿ ಕಡೆ ಉರುಳುತ್ತಿತ್ತು. ಚಂಟಮ್ ಓಡಿ ಬಂದು ಪೂರ್ತಿ ಮೈ ಚಾಚಿ ಹಾರಿದರು, ಹಗ್ಗದ ಆಚೆ ಬೀಳುವ ಮೊದಲೇ ಚೆಂಡನ್ನು ಒಳಕ್ಕೆ ತಳ್ಳಿದರು. ವಿಡಿಯೊ ಸಿಕ್ಕರೆ ನಿಧಾನಗತಿಯಲ್ಲಿ ನೋಡಿ. ಕೈ ಮತ್ತು ಕಾಲಿನ ಆ ಲೆಕ್ಕಾಚಾರ ಒಂದು ದಿನದಲ್ಲಿ ಬರುವಂಥದ್ದಲ್ಲ.

17 ಗೆಲುವು: ಹೇಗೆ ಓದಬೇಕು

2018ರಲ್ಲಿ ಐಸಿಸಿ ಒಂದು ದೊಡ್ಡ ಬದಲಾವಣೆ ತಂದಿತು. ಎಲ್ಲಾ ಸದಸ್ಯ ದೇಶಗಳ ಮಹಿಳಾ ತಂಡಗಳಿಗೂ ಟಿ20 ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಂದರೆ ಥಾಯ್ಲೆಂಡ್ ಆಡುವ ಟಿ20 ಪಂದ್ಯವೂ ಭಾರತ ಆಡುವ ಟಿ20 ಪಂದ್ಯವೂ ಒಂದೇ ದಾಖಲೆ ಪುಸ್ತಕಕ್ಕೆ ಸೇರತೊಡಗಿದವು.

ಅದೇ ವರ್ಷ ಜೂನ್‌ನಲ್ಲಿ ಮಲೇಷ್ಯಾದ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ಶ್ರೀಲಂಕಾವನ್ನು 4 ವಿಕೆಟ್‌ಗಳಿಂದ ಸೋಲಿಸಿತು. ಪೂರ್ಣ ಸದಸ್ಯ ದೇಶದ (ಭಾರತ, ಶ್ರೀಲಂಕಾದಂಥ ಮೇಲಿನ ದರ್ಜೆಯ ದೇಶ) ಮೇಲೆ ಅವರಿಗೆ ಸಿಕ್ಕ ಮೊದಲ ಜಯ ಅದು. ಜುಲೈನಿಂದ ಗೆಲುವಿನ ಸರಣಿ ಶುರುವಾಯಿತು. 2019ರ ಆಗಸ್ಟ್‌ನಲ್ಲಿ ಅದು 17ಕ್ಕೆ ಮುಟ್ಟಿ, ಆಸ್ಟ್ರೇಲಿಯಾದ 16 ಗೆಲುವಿನ ದಾಖಲೆ ಹಿಂದೆ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ 17ರಲ್ಲಿ ಎದುರಾಳಿಗಳು ಬಹುತೇಕ ಅಸೋಸಿಯೇಟ್ ದೇಶಗಳೇ. 2019ರ ಜನವರಿಯಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಟೂರ್ನಿಯಲ್ಲಿ ಯುಎಇ ಎದುರು ಚೀನಾ 14 ರನ್‌ಗೆ ಆಲೌಟ್ ಆಗಿತ್ತು. ಆ ಮಟ್ಟದ ಅಂತರ ಅಲ್ಲಿತ್ತು. ಹಾಗಂತ ದಾಖಲೆಯನ್ನು ತಳ್ಳಿಹಾಕುವುದು ತಪ್ಪು ಅಂತ ನನಗನಿಸುತ್ತದೆ. ಎದುರು ಯಾರೇ ಇರಲಿ, ವರ್ಷಕ್ಕೂ ಜಾಸ್ತಿ ಒಂದು ಟಿ20 ಪಂದ್ಯವನ್ನೂ ಸೋಲದೆ ಇರುವುದಕ್ಕೆ ಶಿಸ್ತು ಬೇಕು. ಆ ಶಿಸ್ತು ಅದೇ ವರ್ಷ ಸ್ಕಾಟ್ಲೆಂಡ್‌ನ ಅರ್ಹತಾ ಟೂರ್ನಿಯಲ್ಲಿ ಕೆಲಸಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಪಪುವಾ ನ್ಯೂಗಿನಿಯನ್ನು ಸೋಲಿಸಿ ಟಿ20 ವಿಶ್ವಕಪ್‌ಗೆ ಹೋದರು. ಆಗ ಕೋಚ್ ಆಗಿದ್ದವರು ಭಾರತದ ಹರ್ಷಲ್ ಪಾಠಕ್. ಆ ವರ್ಷದ ಐಸಿಸಿ ಉದಯೋನ್ಮುಖ ಆಟಗಾರ್ತಿ ಪ್ರಶಸ್ತಿಯೂ ಈ ತಂಡದ ಚನಿದಾ ಸುತ್ತಿರುಯಾಂಗ್‌ಗೆ ಬಂತು.

2020, ಆಸ್ಟ್ರೇಲಿಯಾ

ಗುಂಪಿನಲ್ಲಿ ವೆಸ್ಟ್ ಇಂಡೀಸ್, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ, ಪಾಕಿಸ್ತಾನ. ಥಾಯ್ಲೆಂಡ್ ಗಳಿಸಿದ ರನ್ ಕ್ರಮವಾಗಿ 78, 78, 82, 150. ಒಂದೂ ಗೆಲುವಿಲ್ಲ. ಇಂಗ್ಲೆಂಡಿನ ಎರಡೂ ಆರಂಭಿಕರನ್ನು ಸೊನ್ನೆಗೆ ಕಳಿಸಿ 7ಕ್ಕೆ 2 ಮಾಡಿದ್ದರು. ಆಮೇಲೆ ಹೆದರ್ ನೈಟ್ ಔಟಾಗದೆ 108 ಹೊಡೆದರು. ಕೊನೆಯ ಪಂದ್ಯದಲ್ಲಿ ಪಾಕಿಸ್ತಾನದ ಬೌಲಿಂಗ್ ಎದುರು 3 ವಿಕೆಟ್‌ಗೆ 150. ಚಂಟಮ್ 56, ನಟ್ಟಯಾ ಬೂಚತಮ್ 44. ಗೆಲ್ಲುವ ನಿಜವಾದ ಅವಕಾಶ ಇತ್ತು. ಮಳೆ ಬಂದು ಪಂದ್ಯ ರದ್ದಾಯಿತು. ಸೋತರೂ ಗೆದ್ದರೂ ಸಾಲಾಗಿ ನಿಂತು ಪ್ರೇಕ್ಷಕರಿಗೆ ಕೈಮುಗಿಯುತ್ತಿದ್ದ ಇವರನ್ನು ಆ ಟೂರ್ನಿ ನೋಡಿದವರು ಮರೆತಿರಲಾರರು.

ಹರಾರೆ, 2021: ಈ ಟಿಪ್ಪಣಿಯ ಮುಖ್ಯ ಭಾಗ

ಟಿ20 ಮಾನ್ಯತೆ ಎಲ್ಲರಿಗೂ ಸಿಕ್ಕಿತ್ತು ಅಂದೆವು. ಏಕದಿನ ಮಾನ್ಯತೆ ಹಾಗಲ್ಲ. 2021ರಲ್ಲಿ ಮಹಿಳಾ ಏಕದಿನ ಮಾನ್ಯತೆ ಪೂರ್ಣ ಸದಸ್ಯ ದೇಶಗಳ ಬಳಿ ಮಾತ್ರ ಇತ್ತು.

ಆ ವರ್ಷ ನವೆಂಬರ್‌ನಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ 50 ಓವರ್‌ಗಳ ವಿಶ್ವಕಪ್ ಅರ್ಹತಾ ಟೂರ್ನಿ ನಡೆಯಿತು. ಒಂದೇ ಟೂರ್ನಿ, ಒಂದೇ ನಿಯಮ, ಒಂದೇ ಮೈದಾನಗಳು. ಆದರೆ ಎರಡೂ ಕಡೆ ಮಾನ್ಯತೆ ಇರುವ ತಂಡಗಳು ಆಡಿದರೆ ಅದು ಏಕದಿನ ಪಂದ್ಯ. ಒಂದು ಕಡೆ ಇಲ್ಲದಿದ್ದರೆ ಅಲ್ಲ. ಇದಕ್ಕೆ ಬಾಂಗ್ಲಾದೇಶದ ಶರ್ಮಿನ್ ಅಖ್ತರ್ ಉದಾಹರಣೆ. ಅಮೆರಿಕ ವಿರುದ್ಧ ಔಟಾಗದೆ 130 ಹೊಡೆದರೂ ಅದು ಏಕದಿನ ಶತಕ ಅಂತ ದಾಖಲಾಗಲಿಲ್ಲ, ಏಕೆಂದರೆ ಅಮೆರಿಕಕ್ಕೆ ಮಾನ್ಯತೆ ಇರಲಿಲ್ಲ.

ಥಾಯ್ಲೆಂಡ್ ಇಲ್ಲಿ ಜಿಂಬಾಬ್ವೆ, ಅಮೆರಿಕ, ಬಾಂಗ್ಲಾದೇಶ ಮೂರನ್ನೂ ಸೋಲಿಸಿತು. ಪಾಕಿಸ್ತಾನಕ್ಕೆ ಮಾತ್ರ ಸೋತಿತು. ಆಗ ಕೋವಿಡ್‌ನ ಹೊಸ ತಳಿ ಒಮಿಕ್ರಾನ್ ಸುದ್ದಿ ಬಂತು, ವಿಮಾನಗಳು ನಿಲ್ಲತೊಡಗಿದವು, ನವೆಂಬರ್ 27ರಂದು ಟೂರ್ನಿಯನ್ನೇ ಕೈಬಿಟ್ಟರು. ವಿಶ್ವಕಪ್‌ನಲ್ಲಿ ಉಳಿದಿದ್ದ ಮೂರು ಸ್ಥಾನಗಳನ್ನು ತುಂಬುವುದು ಹೇಗೆ? ಏಕದಿನ ರ‍್ಯಾಂಕಿಂಗ್ ನೋಡಿ. ಬಾಂಗ್ಲಾದೇಶ, ಪಾಕಿಸ್ತಾನ, ವೆಸ್ಟ್ ಇಂಡೀಸ್ ವಿಶ್ವಕಪ್‌ಗೆ ಹೋದವು.

ಥಾಯ್ಲೆಂಡ್‌ನ ರ‍್ಯಾಂಕಿಂಗ್ ಎಷ್ಟಿತ್ತು? ಇರಲೇ ಇಲ್ಲ. ಮಾನ್ಯತೆ ಇಲ್ಲದ ತಂಡಕ್ಕೆ ರ‍್ಯಾಂಕಿಂಗ್ ಎಲ್ಲಿಂದ ಬರಬೇಕು? ಕೆಲವೇ ದಿನಗಳ ಹಿಂದೆ ಥಾಯ್ಲೆಂಡ್ ಸೋಲಿಸಿದ್ದ ಬಾಂಗ್ಲಾದೇಶ ವಿಶ್ವಕಪ್‌ಗೆ ಹೋಯಿತು, ಇವರು ಮನೆಗೆ ಬಂದರು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ನಷ್ಟ ಇನ್ನೊಂದು ಇತ್ತು. ಆ ಟೂರ್ನಿಯ ಮೊದಲ ಮೂರು ತಂಡಗಳಿಗೆ ವಿಶ್ವಕಪ್. ಅವುಗಳ ಜೊತೆ ಇನ್ನೆರಡು ತಂಡಗಳಿಗೆ ಐಸಿಸಿ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಜಾಗ. ಚಾಂಪಿಯನ್‌ಷಿಪ್ ಅಂದರೆ ಪ್ರತಿ ತಂಡಕ್ಕೂ ಎಂಟು ಸರಣಿ, ಸರಣಿಗೆ ಮೂರು ಪಂದ್ಯ, ಒಟ್ಟು 24 ಏಕದಿನ ಪಂದ್ಯ. ಎದುರಾಳಿಗಳು ಜಗತ್ತಿನ ಒಳ್ಳೆಯ ತಂಡಗಳು. ಈ ಎರಡು ಜಾಗವೂ ರ‍್ಯಾಂಕಿಂಗ್ ಪ್ರಕಾರ ಶ್ರೀಲಂಕಾ ಮತ್ತು ಐರ್ಲೆಂಡ್‌ಗೆ ಹೋದವು. ಒಂದು ವಿಶ್ವಕಪ್ ತಪ್ಪಿದರೆ ಇನ್ನೊಂದು ಬರುತ್ತದೆ. ಮೂರು ವರ್ಷದ ಪಂದ್ಯಗಳು ತಪ್ಪಿದರೆ ಆಟಗಾರ್ತಿಯರ ಪ್ರಾಯವೇ ಹೋಗುತ್ತದೆ. ಇದನ್ನು ನಾನು ಅನ್ಯಾಯ ಅಂತಲೇ ಬರೆದುಕೊಂಡಿದ್ದೇನೆ.

2022: ಮೇಲೆ ಕೆಳಗೆ

ಮೇ ತಿಂಗಳಲ್ಲಿ ಐಸಿಸಿ ಥಾಯ್ಲೆಂಡ್ ಸೇರಿ ಐದು ಅಸೋಸಿಯೇಟ್ ತಂಡಗಳಿಗೆ ಏಕದಿನ ಮಾನ್ಯತೆ ಕೊಟ್ಟಿತು. ತಡವಾಗಿ, ಆದರೂ ಕೊಟ್ಟಿತು.

ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿ ಟಿ20 ವಿಶ್ವಕಪ್ ಅರ್ಹತಾ ಸೆಮಿಫೈನಲ್. ಬಾಂಗ್ಲಾದೇಶದ ಎದುರು 11 ರನ್‌ಗಳಿಂದ ಸೋಲು. ತಂಡದ 102 ರನ್‌ಗಳಲ್ಲಿ ಚಂಟಮ್ ಒಬ್ಬರದೇ 64. ಈ ತಂಡದ ದೌರ್ಬಲ್ಯ ಏನು ಅಂತ ಯಾರಾದರೂ ಕೇಳಿದರೆ ಈ ಸ್ಕೋರ್‌ಕಾರ್ಡ್ ತೋರಿಸಿ.

ಎರಡು ವಾರ ಕಳೆಯಲಿಲ್ಲ, ಸಿಲ್ಹೆಟ್‌ನ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ 116 ರನ್ ಬೆನ್ನಟ್ಟಿ ಒಂದು ಎಸೆತ ಬಾಕಿ ಇರುವಾಗ ಗೆದ್ದರು. ಮತ್ತೆ ಚಂಟಮ್, 61. ಸೆಮಿಫೈನಲ್‌ಗೂ ಹೋದರು. ಆದರೆ ಅದಕ್ಕೆ ಮೊದಲು ಲೀಗ್‌ನಲ್ಲಿ ಭಾರತದ ಸ್ಪಿನ್ ಎದುರು 37ಕ್ಕೆ ಆಲೌಟ್. ಆ ದಿನ ವಿಕೆಟ್ ಪಡೆದವರಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕೂಡ ಇದ್ದರು. ಸೆಮಿಫೈನಲ್‌ನಲ್ಲಿ 9 ವಿಕೆಟ್‌ಗೆ 74. ಒಂದೇ ಟೂರ್ನಿಯಲ್ಲಿ ಪಾಕಿಸ್ತಾನವನ್ನು ಸೋಲಿಸುವುದೂ ಇದೆ, 37ಕ್ಕೆ ಕುಸಿಯುವುದೂ ಇದೆ. ಒಳ್ಳೆಯ ಸ್ಪಿನ್ನರ್‌ಗಳನ್ನು ವರ್ಷಕ್ಕೆ ಎಷ್ಟು ಸಲ ಎದುರಿಸುತ್ತಾರೆ ಅನ್ನುವುದರಲ್ಲೇ ಉತ್ತರ ಇದೆ, ಅಲ್ವಾ?

ನವೆಂಬರ್‌ನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಮೊದಲ ಏಕದಿನ ಸರಣಿ. ನಾಯಕಿ ನರುಯೆಮೊಲ್ ಚೈವಾಯ್. ಮೊದಲ ಪಂದ್ಯದಲ್ಲೇ ಚಂಟಮ್ 102, ನೆದರ್ಲೆಂಡ್ಸ್ ವಿರುದ್ಧ 100 ರನ್ ಜಯ. ಸರಣಿ 4-0.

ಅಲ್ಲಿಂದ ನೇರವಾಗಿ 2025ರ ಏಪ್ರಿಲ್‌ಗೆ ಬನ್ನಿ. ಲಾಹೋರ್‌ನಲ್ಲಿ ಮತ್ತೆ 50 ಓವರ್‌ಗಳ ವಿಶ್ವಕಪ್ ಅರ್ಹತಾ ಟೂರ್ನಿ, ಆರು ತಂಡ. ಥಾಯ್ಲೆಂಡ್ ಆಡಿದ ಐದೂ ಪಂದ್ಯ ಸೋತಿತು. ಹರಾರೆಯಲ್ಲಿ ಇವರು ಸೋಲಿಸಿದ್ದ ಬಾಂಗ್ಲಾದೇಶ ಚಾಂಪಿಯನ್‌ಷಿಪ್‌ನ ಸರಣಿಗಳನ್ನೆಲ್ಲ ಮುಗಿಸಿಕೊಂಡು ಅಲ್ಲಿಗೆ ಬಂದಿತ್ತು, ವಿಶ್ವಕಪ್‌ಗೂ ಹೋಯಿತು. ಓದುವವರು ಹರಾರೆಯ ಸ್ಕೋರ್‌ಕಾರ್ಡ್ ಮತ್ತು ಲಾಹೋರ್‌ನ ಸ್ಕೋರ್‌ಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು, ನಡುವಿನ ಮೂರು ವರ್ಷದಲ್ಲಿ ಎರಡೂ ತಂಡ ಯಾರ ಎದುರು ಎಷ್ಟು ಏಕದಿನ ಆಡಿದವು ಅಂತ ಪಟ್ಟಿ ಮಾಡಿ ನೋಡಿ.