ಬಾಕ್ಸ್ ಬಂತು, ಚಿತ್ರ ಬರಲಿಲ್ಲ

2008ರ ಸೆಪ್ಟೆಂಬರ್ 8, ಮಧ್ಯಾಹ್ನ 12 ಗಂಟೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ, ಸಮಾರಂಭಕ್ಕೆಂದೇ ಮಾಡಿಸಿದ್ದ ಒಂದು ದೊಡ್ಡ ಸ್ವಿಚ್ಚನ್ನು ಕೆಳಗೆಳೆದರು. ಅಲ್ಲಿನ ವಾಣಿಜ್ಯ ಟಿವಿ ಚಾನೆಲ್‌ಗಳ ಹಳೇ ಅನಲಾಗ್ ಪ್ರಸಾರ ನಿಂತು, ಡಿಜಿಟಲ್ ಮಾತ್ರ ಉಳಿಯಿತು. ದೇಶಕ್ಕೆಲ್ಲ ಮಾಡುವ ಮೊದಲು ಒಂದು ಊರಿನಲ್ಲಿ ನೋಡೋಣ ಅನ್ನುವ ಪ್ರಯೋಗ ಅದು.

ಅಲ್ಲಿನ ಜನಕ್ಕೆ ವಿಷಯ ಗೊತ್ತಿತ್ತು. ತಿಂಗಳುಗಟ್ಟಲೆ ಜಾಹೀರಾತು ಬಂದಿತ್ತು. ಆದರೂ ಫೋನುಗಳು ಹೊಡೆದುಕೊಂಡವು. ಕರೆ ಮಾಡಿದವರಲ್ಲಿ ಬಹಳ ಮಂದಿ, ಹಳೇ ಟಿವಿಯಲ್ಲಿ ಡಿಜಿಟಲ್ ಪ್ರಸಾರ ತೋರಿಸುವ ಕನ್ವರ್ಟರ್ ಬಾಕ್ಸ್ ತಂದಿಟ್ಟುಕೊಂಡವರೇ. ಯಾವ ವೈರು ಎಲ್ಲಿಗೆ? ಚಾನೆಲ್ ಯಾಕೆ ಕಾಣುತ್ತಿಲ್ಲ? ಪ್ರಚಾರದಲ್ಲಿ ತಾರೀಖು ಹೇಳಿದ್ದರು, ಈ ಪ್ರಶ್ನೆಗಳಿಗೆ ಉತ್ತರ ಹೇಳಿರಲಿಲ್ಲ.

ಇಷ್ಟಕ್ಕೂ ಈ ಬದಲಾವಣೆ ಯಾಕೆ ಬೇಕಿತ್ತು? ಚಿತ್ರ ಚೆನ್ನಾಗಿ ಕಾಣಲಿ ಅಂತ ಮಾತ್ರ ಅಲ್ಲ. ಅಮೆರಿಕದಲ್ಲಿ ಒಂದು ಅನಲಾಗ್ ಚಾನೆಲ್ ರೇಡಿಯೋ ತರಂಗದಲ್ಲಿ 6 ಮೆಗಾಹರ್ಟ್ಸ್ ಜಾಗ ತಿನ್ನುತ್ತಿತ್ತು. ಡಿಜಿಟಲ್ ಆದರೆ ಅಷ್ಟೇ ಜಾಗದಲ್ಲಿ ಹಲವು ಕಾರ್ಯಕ್ರಮ ತೂರಿಸಬಹುದು. ಹಾಗೆ ಖಾಲಿಯಾದ 108 ಮೆಗಾಹರ್ಟ್ಸ್‌ನಲ್ಲಿ ಒಂದು ಪಾಲು ಪೊಲೀಸ್, ಅಗ್ನಿಶಾಮಕ ದಳದ ರೇಡಿಯೋಗೆ ಮೀಸಲು. ಉಳಿದದ್ದರಲ್ಲಿ ಬಹುಪಾಲು ಮೊಬೈಲ್ ಕಂಪನಿಗಳಿಗೆ. 2008ರ ಹರಾಜಿನಲ್ಲಿ ಸರ್ಕಾರಕ್ಕೆ ಸುಮಾರು 1,900 ಕೋಟಿ ಡಾಲರ್ ಬಂತು.

ಮನೆಗಳಿಗೆ ಬಾಕ್ಸ್ ಕೊಳ್ಳಲು ನೆರವಾಗಲಿ ಅಂತ ಸರ್ಕಾರ ಮೊದಲು ತೆಗೆದಿಟ್ಟದ್ದು 150 ಕೋಟಿ ಡಾಲರ್. ಒಂದು ಮನೆಗೆ 40 ಡಾಲರಿನ ಎರಡು ಕೂಪನ್. ಅದನ್ನು ಅಂಗಡಿಯಲ್ಲಿ ಕೊಟ್ಟರೆ ಬಾಕ್ಸ್ ಬೆಲೆಯಲ್ಲಿ ಅಷ್ಟು ಕಡಿತ. ಕೇಬಲ್, ಸ್ಯಾಟಲೈಟ್ ಇದ್ದ ಟಿವಿಗೆ ಬಾಕ್ಸೇ ಬೇಡ. ಹಳೇ ಟಿವಿಗೆ ಬರೀ ಆ್ಯಂಟೆನಾ ನಂಬಿದವರಿಗೆ ಮಾತ್ರ ಬೇಕು. ಇದನ್ನು ಅರ್ಥ ಮಾಡಿಸುವುದೇ ದೊಡ್ಡ ಪಾಡಾಯಿತು. ಕೂಪನ್‌ಗೆ 90 ದಿನದ ಗಡುವು ಬೇರೆ. ಹಲವರ ಕೂಪನ್ ಡ್ರಾಯರಿನಲ್ಲೇ ಅವಧಿ ಮುಗಿಸಿಕೊಂಡವು.

2009ರ ಜನವರಿ ಆರಂಭದಲ್ಲಿ ಆ ಹಣವೂ ಖಾಲಿ. ಕೇಳಿದವರ ಹೆಸರು ಕಾಯುವ ಪಟ್ಟಿಗೆ ಹೋಯಿತು. ಅನಲಾಗ್ ನಿಲ್ಲಬೇಕಿದ್ದದ್ದು ಫೆಬ್ರವರಿ 17ಕ್ಕೆ. ಅದನ್ನು ಜೂನ್ 12ಕ್ಕೆ ಮುಂದೂಡುವ ಕಾಯ್ದೆಗೆ ಹೊಸ ಅಧ್ಯಕ್ಷ ಒಬಾಮಾ ಸಹಿ ಹಾಕಿದ್ದು ಫೆಬ್ರವರಿ 11ರಂದು. ಗಡುವಿಗೆ ಒಂದು ವಾರವೂ ಉಳಿದಿರಲಿಲ್ಲ. ನೂರಾರು ಸ್ಟೇಷನ್‌ಗಳು ಕಾಯದೆ ಹಳೇ ತಾರೀಖಿಗೇ ಅನಲಾಗ್ ನಿಲ್ಲಿಸಿಬಿಟ್ಟವು. ಜನಕ್ಕೆ ಯಾವ ತಾರೀಖು ನಂಬಬೇಕು ಅನ್ನುವುದೇ ಗೊಂದಲ.

ಜೂನ್ 12ರಂದು ಸಹಾಯವಾಣಿಗೆ 3 ಲಕ್ಷಕ್ಕೂ ಹೆಚ್ಚು ಕರೆ ಬಂದವು. ಕಾರಣಗಳಲ್ಲಿ ಒಂದು ಸ್ವಲ್ಪ ತಮಾಷೆಯದು. ಎಷ್ಟೋ ಸ್ಟೇಷನ್‌ಗಳು ಅದೇ ದಿನ ತಮ್ಮ ಡಿಜಿಟಲ್ ಪ್ರಸಾರವನ್ನು ಬೇರೆ ತರಂಗಕ್ಕೆ ಸಾಗಿಸಿದವು. ತೆರೆಯ ಮೇಲಿನ ನಂಬರ್ ಮಾತ್ರ ಹಳೆಯದೇ. ಬಾಕ್ಸ್ ಪಾಪ ಹಳೇ ವಿಳಾಸದಲ್ಲೇ ಹುಡುಕುತ್ತಿತ್ತು. ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಮುಗಿಯಿತು, ಆದರೆ ಅದು ಗೊತ್ತಿರಬೇಕಲ್ವಾ? ಫಿಲಡೆಲ್ಫಿಯಾದ 6, ಷಿಕಾಗೋದ 7ನೇ ಚಾನೆಲ್ ಕತೆ ಇನ್ನೂ ಕಷ್ಟ. ಅವು ಮರಳಿದ ವಿಎಚ್‌ಎಫ್ ಅನ್ನುವ ಉದ್ದ ಅಲೆಯ ತರಂಗ ಎಷ್ಟೋ ಮನೆಗಳ ಪುಟ್ಟ ಆ್ಯಂಟೆನಾಗೆ ಸರಿಯಾಗಿ ಸಿಗಲೇ ಇಲ್ಲ. ಸಿಗ್ನಲ್ ಸೋತರೆ ಅನಲಾಗ್‌ನಲ್ಲಿ ಚುಕ್ಕೆ ಚುಕ್ಕೆಯಾದರೂ ಚಿತ್ರ ಇರುತ್ತಿತ್ತು. ಡಿಜಿಟಲ್‌ನಲ್ಲಿ ಆ ನಡುದಾರಿ ಇಲ್ಲ. ಒಂದು ಹಂತದವರೆಗೆ ಕನ್ನಡಿಯ ಹಾಗೆ, ಅದಾದ ಮೇಲೆ ಏನೂ ಇಲ್ಲ.

ಬ್ರಿಟನ್ ಅವಸರ ಮಾಡಲಿಲ್ಲ. 2007ರಲ್ಲಿ ಇಂಗ್ಲೆಂಡಿನ ವೈಟ್‌ಹೇವನ್ ಅನ್ನುವ ಊರಿನಿಂದ ಶುರು ಮಾಡಿ, ಒಂದೊಂದೇ ಪ್ರದೇಶ ದಾಟಿ, 2012ರ ಅಕ್ಟೋಬರ್‌ನಲ್ಲಿ ಉತ್ತರ ಐರ್ಲೆಂಡ್‌ನಲ್ಲಿ ಮುಗಿಸಿತು. ಒಂದು ಊರಿನಲ್ಲಿ ಎಡವಿದ್ದು ಮುಂದಿನ ಊರಿಗೆ ಪಾಠವಾಗುತ್ತಿತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. 75 ದಾಟಿದವರಿಗೆ, ಅಂಗವಿಕಲರಿಗೆ, ಕಣ್ಣು ಕಾಣದವರಿಗೆ ಅಲ್ಲಿ ಕೂಪನ್ ಕೊಟ್ಟು ಸುಮ್ನೆ ಬಿಡಲಿಲ್ಲ. ಬೇಕೆಂದವರ ಮನೆಗೇ ಒಬ್ಬರು ಬಂದು ಬಾಕ್ಸ್ ಜೋಡಿಸಿ, ರಿಮೋಟ್ ಕೈಗೆ ಕೊಟ್ಟು ಹೇಳಿಕೊಡುತ್ತಿದ್ದರು. ಹೆಚ್ಚಿನವರಿಗೆ ಇದಕ್ಕೆ 40 ಪೌಂಡ್, ಆದಾಯ ಕಡಿಮೆ ಇದ್ದು ಸರ್ಕಾರದ ನೆರವು ಪಡೆಯುತ್ತಿದ್ದವರಿಗೆ ಉಚಿತ.

ಅದಕ್ಕೆಂದು ಸುಮಾರು 60 ಕೋಟಿ ಪೌಂಡ್ ಎತ್ತಿಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ಖರ್ಚೇ ಆಗಲಿಲ್ಲ. ಅರ್ಹರಲ್ಲಿ ಬಹಳ ಮಂದಿ ಸಹಾಯ ಕೇಳಿರಲೇ ಇಲ್ಲ. ಕೆಲವರ ಮನೆಯಲ್ಲಿ ಡಿಜಿಟಲ್ ಆಗಲೇ ಬಂದಿತ್ತು, ಇನ್ನು ಕೆಲವರಿಗೆ ಮಕ್ಕಳೋ ನೆಂಟರೋ ಬಂದು ವೈರು ಸಿಕ್ಕಿಸಿ ಹೋಗಿದ್ದರು.