ಹಿತ್ತಲಿಗೆ ಸೊಪ್ಪು, ಮದ್ದಿನ ಗಿಡ ಆರಿಸುವ ಮುಂಚೆ ನೀರು ನೋಡಿ

ನಮ್ಮ ಮನೆ ಸಕಲೇಶಪುರದ ಹತ್ತಿರ, ಅಕ್ಕನ ಮನೆ ಅರಸೀಕೆರೆ ಕಡೆ. ಎರಡೂ ಹಾಸನ ಜಿಲ್ಲೆಯೇ. ಆದರೆ ನಮ್ಮಲ್ಲಿ ವರ್ಷಕ್ಕೆ 2000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅಕ್ಕನ ಊರಲ್ಲಿ ಅದರ ಅರ್ಧವೂ ಇಲ್ಲ. ಅಡುಗೆಗೂ ಸಣ್ಣಪುಟ್ಟ ಮದ್ದಿಗೂ ಆಗುವ ಗಿಡ ಬೆಳೆಸೋಣ ಅಂತ ಇಬ್ಬರೂ ಒಂದೇ ಪಟ್ಟಿ ಬರೆದುಕೊಂಡು, ಒಂದೇ ದಿನ ಹಾಸನಕ್ಕೆ ಹೋಗಿ, ಒಂದೇ ನರ್ಸರಿಯಲ್ಲಿ ಗಿಡ ತಂದೆವು. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ನನ್ನ ದೊಡ್ಡಪತ್ರೆ ಬುಡದಿಂದ ಕೊಳೆತುಹೋಯಿತು. ಅಕ್ಕನ ಒಂದೆಲಗ ಮುಂದಿನ ಮಾರ್ಚ್ ಬಿಸಿಲಿಗೆ ಗುರುತೇ ಸಿಗದ ಹಾಗೆ ಒಣಗಿತು. ಅದೇ ಹೊತ್ತಿಗೆ ನನ್ನ ಒಂದೆಲಗ ಬಾವಿಕಟ್ಟೆ ಪಕ್ಕ ಚಾಪೆ ಹಾಸಿದ ಹಾಗೆ ಹರಡಿತ್ತು, ಅಕ್ಕನ ದೊಡ್ಡಪತ್ರೆ ಕುಂಡ ತುಂಬಿ ಹೊರಗೆ ಚಾಚಿತ್ತು. ಆಮೇಲೆ ನಾನು ಪಟ್ಟಿ ಬದಿಗಿಟ್ಟು ನೆಲ ನೋಡಲು ಶುರು ಮಾಡಿದೆ. ಆಗ ಕಲಿತದ್ದು, ಓದಿದ್ದು ಎರಡನ್ನೂ ಸೇರಿಸಿ, ಈಗ ಶುರು ಮಾಡುತ್ತಿರುವವರಿಗೆ ಅನುಕೂಲ ಆಗಲಿ ಅಂತ ಬರೆದಿದ್ದೇನೆ.

ಮೊದಲ ಕೆಲಸ ಇದು. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹಿತ್ತಲು ಸುತ್ತಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಮಳೆ ನಿಂತು ಒಂದು ಗಂಟೆಯಾದ ಮೇಲೂ ಎಲ್ಲಿ ನಿಂತಿರುತ್ತದೆ, ಅಲ್ಲೆಲ್ಲ ಒಂದೊಂದು ಕಡ್ಡಿ ಚುಚ್ಚಿ ಗುರುತು ಮಾಡಿ. ಬಿಸಿಲನ್ನೂ ಹೀಗೇ ನೋಡಬೇಕು. ಮನೆ ನೆರಳು, ತೋಟದ ಸಿಲ್ವರ್ ಮರದ ನೆರಳು ಎಲ್ಲ ಕಳೆದು ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳುವ ಜಾಗ ಯಾವುದು ಅಂತ ಗೊತ್ತಿರಬೇಕು. ಆಮೇಲೆ ಅಡುಗೆಮನೆ. ಒಂದು ವಾರ ನೀವು ದುಡ್ಡು ಕೊಟ್ಟು ತಂದ ಸೊಪ್ಪು ಯಾವುದು, ಅದರಲ್ಲಿ ಎಷ್ಟು ಬಾಡಿ ಬಿಸಾಡಿದಿರಿ, ಬರೆದಿಡಿ. ನಮ್ಮನೆಯಲ್ಲಿ ಕರಿಬೇವು, ಕೊತ್ತಂಬರಿ, ಪುದೀನ ಮೂರೇ ಬಂತು. ಹಾಗಿದ್ದ ಮೇಲೆ ಮೊದಲ ಜಾಗ ಅವಕ್ಕೇ ಸಲ್ಲಬೇಕು ಅಲ್ವಾ?

ದೊಡ್ಡಪತ್ರೆಯಿಂದ ಶುರು ಮಾಡುತ್ತೇನೆ, ನನಗೆ ಪಾಠ ಕಲಿಸಿದ ಗಿಡ ಅದು. ಎಲೆ ಮುಟ್ಟಿ ನೋಡಿ, ದಪ್ಪ, ಒಳಗೆಲ್ಲ ನೀರು. ಎಲೆಯಲ್ಲೇ ನೀರು ಕೂಡಿಡುವ ಗಿಡಕ್ಕೆ ಬೇರಿನಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಮಲೆನಾಡಿನವರು ಇದನ್ನು ಕುಂಡದಲ್ಲೇ ಇಡಿ, ಮಣ್ಣಿಗೆ ಮೂರರಲ್ಲಿ ಒಂದು ಪಾಲು ಮರಳು ಸೇರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿ ಮೇಲೆ ಎತ್ತಿಡಿ. ಬಯಲುಸೀಮೆಯವರು ನೆಲಕ್ಕೇ ನೆಡಬಹುದು. ಗೇಣುದ್ದದ ಕಡ್ಡಿ ಮುರಿದು, ಗಾಯ ಆರಲು ಒಂದು ದಿನ ನೆರಳಲ್ಲಿಟ್ಟು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಓಮದ ಕಾಳಿನ ಹಾಗೆ ವಾಸನೆ ಬರುವುದಕ್ಕೆ ಕಾರಣ ಇದರ ಎಣ್ಣೆಯಲ್ಲಿರುವ ಕಾರ್ವಕ್ರಾಲ್, ಥೈಮಾಲ್. ಓಮದಲ್ಲೂ ಥೈಮಾಲ್ ಇದೆ, ಅದಕ್ಕೇ ಕೆಲವರು ಇದನ್ನು ಅಜವಾನದ ಗಿಡ ಅಂತಲೇ ಮಾರುತ್ತಾರೆ. ಎಂಟು ಹತ್ತು ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಹಾಕಿದರೆ ತಂಬುಳಿ. ಮಕ್ಕಳಿಗೆ ಶೀತ ಆದಾಗ ಎಲೆ ಬಿಸಿ ಮಾಡಿ ರಸ ಹಿಂಡಿ ಜೇನಿನ ಜೊತೆ ಕೊಡುವ ರೂಢಿ ಇದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು.

ಒಂದೆಲಗ ಪೂರ್ತಿ ಉಲ್ಟಾ. ತೇವ ಬೇಕು, ಅರೆನೆರಳು ಬೇಕು. ನೆಲದ ಮೇಲೆ ಹಬ್ಬುತ್ತಾ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಒಂದು ಹಿಡಿ ತಂದು ನೆಟ್ಟರೆ ಒಂದು ಮಳೆಗಾಲಕ್ಕೆ ಪಾತಿ ತುಂಬುತ್ತದೆ. ಅಕ್ಕ ಈಗ ಒಂದು ಅಗಲ ಟಬ್ಬಿನಲ್ಲಿ ಹಾಕಿ ನೀರಿನ ಡ್ರಮ್ಮಿನ ಪಕ್ಕ ಇಟ್ಟಿದ್ದಾಳೆ, ಅಲ್ಲಿ ಚೆನ್ನಾಗಿದೆ. ಒಂದೆಲಗವನ್ನು ಹಸಿಯಾಗಿಯೇ ರುಬ್ಬಿ ತಿನ್ನುತ್ತೇವೆ. ಆದ್ದರಿಂದ ಚರಂಡಿ ಬದಿಯದ್ದು, ಗದ್ದೆಗೆ ಔಷಧಿ ಹೊಡೆಯುವ ಕಡೆಯದ್ದು ಕಿತ್ತು ತರಬೇಡಿ. ಬಚ್ಚಲ ಸೋಪಿನ ನೀರು ಹರಿಯುವಲ್ಲೂ ಬೇಡ.

ಹೆಸರಿನ ಗೊಂದಲ ಶುರುವಾಗುವುದೂ ಇಲ್ಲೇ. ನರ್ಸರಿಯಲ್ಲಿ ನಾನು ಬ್ರಾಹ್ಮಿ ಕೊಡಿ ಅಂತ ಕೇಳಿದೆ, ಅವರು ಒಂದು ಗಿಡ ಕೊಟ್ಟರು. ಮನೆಗೆ ಬಂದು ನೋಡಿದರೆ ಸಣ್ಣ ಸಣ್ಣ ದಪ್ಪ ಎಲೆ, ಕಾಂಡದ ಎರಡೂ ಕಡೆ ಜೋಡಿ ಜೋಡಿ, ಬಾಯಿಗೆ ಹಾಕಿದರೆ ತುಂಬಾ ಕಹಿ. ಅದು ನೀರುಬ್ರಾಹ್ಮಿ, ಸಸ್ಯಶಾಸ್ತ್ರದ ಹೆಸರು ಬಕೋಪಾ ಮೊನ್ನಿಯೇರಿ. ನಾವು ತಂಬುಳಿ ಮಾಡುವ ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ಉದ್ದ ತೊಟ್ಟಿಗೆ ಒಂದೇ ದುಂಡು ಎಲೆ, ಬುಡದಲ್ಲಿ ಸೀಳು. ನಮ್ಮಲ್ಲಿ ಎರಡಕ್ಕೂ ಬ್ರಾಹ್ಮಿ ಅಂತಲೇ ಕರೆಯುತ್ತಾರೆ. ಆಯುರ್ವೇದದಲ್ಲಿ ಸಾಮಾನ್ಯವಾಗಿ ಬಕೋಪಾಗೆ ಬ್ರಾಹ್ಮಿ, ಒಂದೆಲಗಕ್ಕೆ ಮಂಡೂಕಪರ್ಣಿ ಅನ್ನುತ್ತಾರೆ. ನರ್ಸರಿಯವರು ಮೋಸ ಮಾಡಲಿಲ್ಲ, ನಾನು ಕೇಳಿದ ಹೆಸರಿಗೆ ಸರಿಯಾದ ಗಿಡವನ್ನೇ ಕೊಟ್ಟರು. ನಾನೇ ಎಲೆ ನೋಡಿ ತರಬೇಕಿತ್ತು.

ಕರಿಬೇವಿಗೆ ಜಾಗ ಕೊಡುವಾಗ ಹತ್ತು ವರ್ಷದ ಲೆಕ್ಕ ಹಾಕಿ, ಅದು ಮರ ಆಗುತ್ತದೆ. ಬಿಸಿಲು ಬೇಕು, ನೀರು ನಿಲ್ಲಬಾರದು. ಬೀಜದಿಂದ ಮಾಡುವುದಾದರೆ ಕಪ್ಪಾಗಿ ಹಣ್ಣಾದದ್ದನ್ನು ತಿರುಳು ತೊಳೆದು ತಕ್ಷಣ ಹಾಕಬೇಕು, ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳಕೆ ಬರುವುದಿಲ್ಲ. ಬೇರಿನಿಂದ ಎದ್ದ ಮರಿ ಸಿಕ್ಕರೆ ಸುಲಭ, ಆದರೆ ಅದನ್ನು ಎಳೆದು ಕಿತ್ತರೆ ಬೇರಿಲ್ಲದ ಕಡ್ಡಿ ಮಾತ್ರ ಕೈಗೆ ಬರುತ್ತದೆ. ಮಳೆಗಾಲದಲ್ಲಿ ಸುತ್ತ ಮಣ್ಣು ಬಿಡಿಸಿ, ತಾಯಿಬೇರಿನ ಒಂದು ತುಂಡು ಸಮೇತ ಕತ್ತರಿಸಿ ತೆಗೆಯಿರಿ. ಮೊದಲ ಒಂದೆರಡು ವರ್ಷ ಎಲೆ ಕೀಳುವ ಆಸೆ ತಡೆದುಕೊಳ್ಳಿ, ಸುಮ್ನೆ ತುದಿ ಚಿವುಟಿ ಬಿಡಿ, ಪಕ್ಕಕ್ಕೆ ಕವಲೊಡೆಯುತ್ತದೆ. ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು ಬಿಳಿ ಹುಳ ಕಂಡರೆ ಅದು ನಿಂಬೆ ಚಿಟ್ಟೆಯ ಮರಿ. ಕರಿಬೇವು ನಿಂಬೆಯದೇ ಕುಟುಂಬ, ಅದಕ್ಕೇ ಚಿಟ್ಟೆ ಇಲ್ಲಿಗೂ ಬಂದು ಮೊಟ್ಟೆ ಇಡುತ್ತದೆ. ಗಿಡ ಚಿಕ್ಕದಿದ್ದರೆ ಹುಳವನ್ನು ಕೈಯಲ್ಲೇ ಎತ್ತಿ ದೂರದ ನಿಂಬೆ ಗಿಡಕ್ಕೆ ಬಿಡಿ. ಮರ ದೊಡ್ಡದಾದ ಮೇಲೆ ಅವು ತಿಂದಷ್ಟು ತಿನ್ನಲಿ ಅಂತ ನಾನು ಬಿಟ್ಟಿದ್ದೇನೆ, ಮರಕ್ಕೆ ಏನೂ ಆಗಿಲ್ಲ, ಹಿತ್ತಲಲ್ಲಿ ಚಿಟ್ಟೆ ಜಾಸ್ತಿ ಆಗಿವೆ.

ಕೊತ್ತಂಬರಿ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಬೇಡವೇ ಬೇಡ. ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಚಳಿಯಲ್ಲಿ ಎರಡೂ ಕಡೆ ಚೆನ್ನಾಗಿ ಬರುತ್ತದೆ. ಸೆಕೆ ಏರಿದ ಕೂಡಲೇ ಎಲೆ ಬಿಟ್ಟು ಹೂವಿಗೆ ಹೋಗುತ್ತದೆ. ನಾವು ಬೀಜ ಅನ್ನುವ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಅದಕ್ಕೇ ಅಂಗೈಯಲ್ಲಿ ಅಥವಾ ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಸಸಿ ಕಿತ್ತು ಬೇರೆ ಕಡೆ ನೆಡಲು ಹೋಗಬೇಡಿ, ನೇರ ಇಳಿಯುವ ಬೇರು ಅದಕ್ಕೆ ಒಗ್ಗುವುದಿಲ್ಲ. ಪುದೀನದ ಬಗ್ಗೆ ಹೇಳಲು ಇರುವುದು ಇಷ್ಟೇ, ಸಂತೆಯಿಂದ ತಂದ ಕಟ್ಟಿನಲ್ಲಿ ನಾಲ್ಕು ಕಡ್ಡಿ ನೀರಲ್ಲಿಡಿ, ಬೇರು ಬಂದ ಮೇಲೆ ಕುಂಡಕ್ಕೆ ಹಾಕಿ, ನೆಲಕ್ಕೆ ಬಿಟ್ಟರೆ ಪಕ್ಕದ ಪಾತಿಗೂ ನುಗ್ಗುತ್ತದೆ.

ಶುಂಠಿ ಹಾಕುವವರಿಗೆ: ನಮ್ಮ ಜಿಲ್ಲೆಯಲ್ಲಿ ಶುಂಠಿ ಬೆಳೆ ಜಾಸ್ತಿ, ಕೊಳೆರೋಗವೂ ಜಾಸ್ತಿ. ಮಣ್ಣಲ್ಲಿ ಇರುವ ಪೈಥಿಯಂ ಅನ್ನುವ ಶಿಲೀಂಧ್ರದಂಥ ಜೀವಿ ಅದಕ್ಕೆ ಕಾರಣ, ನಿಂತ ನೀರಲ್ಲಿ ಬೇಗ ಹರಡುತ್ತದೆ. ರೋಗ ಬಂದ ಹೊಲದ ಗಡ್ಡೆ ಬೀಜಕ್ಕೆ ತರಬೇಡಿ, ಒಂದೇ ಜಾಗಕ್ಕೆ ವರ್ಷ ವರ್ಷ ಹಾಕಬೇಡಿ. ಮನೆ ಖರ್ಚಿಗೆ ಹಳೇ ಗೊಬ್ಬರದ ಚೀಲದಲ್ಲಿ, ಅಡಿಗೆ ತೂತು ಮಾಡಿ ಬೆಳೆಸುವುದೇ ವಾಸಿ.

ಇನ್ನು ಮದ್ದಿನ ಗಿಡ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಅಡುಗೆಯಲ್ಲಿ ತಿನ್ನುವ ಪ್ರಮಾಣ ಬೇರೆ, ಔಷಧಿ ಅಂತ ದಿನವೂ ಕುಡಿಯುವ ಪ್ರಮಾಣ ಬೇರೆ. ಚಕ್ರಮುನಿಯನ್ನೇ ತೆಗೆದುಕೊಳ್ಳಿ, ವಿಟಮಿನ್ ಸೊಪ್ಪು ಅಂತ ನಮ್ಮ ಕಡೆ ಬೇಲಿ ಸಾಲಿಗೆಲ್ಲ ನೆಟ್ಟಿರುತ್ತೇವೆ. ಬೇಯಿಸಿ ಪಲ್ಯ, ಸಾರು ಮಾಡಿ ತಿನ್ನುವುದು ಹಳೆಯ ರೂಢಿ. ಅದೇ ಸೊಪ್ಪಿನ ಹಸಿ ರಸವನ್ನು ತೂಕ ಇಳಿಸಲು ಅಂತ 1994–95ರ ಸುಮಾರಿಗೆ ತೈವಾನಿನಲ್ಲಿ ಬಹಳ ಜನ ದಿನವೂ ಕುಡಿದರು. ಅವರಲ್ಲಿ ಎಷ್ಟೋ ಜನಕ್ಕೆ ಶ್ವಾಸಕೋಶದ ಸಣ್ಣ ಕೊಳವೆಗಳು ಕಟ್ಟಿ, ಮತ್ತೆ ಸರಿಹೋಗದ ಉಸಿರಾಟದ ತೊಂದರೆ ಬಂತು. ಇದನ್ನು ಓದಿದ ದಿನವೇ ಅಕ್ಕನಿಗೆ ಫೋನ್ ಮಾಡಿದೆ. "ನಾವು ಬೇಯಿಸೇ ತಿನ್ನೋದು ಕಣೇ, ಆದ್ರೂ ಅತ್ತೆಗೆ ಹೇಳ್ತೀನಿ, ಅವ್ರು ಜ್ಯೂಸ್ ಮಾಡ್ಬೇಕು ಅಂತಿದ್ರು" ಅಂದಳು.

ಅಮೃತಬಳ್ಳಿಯೂ ಹೀಗೇ. ಕೋವಿಡ್ ಸಮಯದಲ್ಲಿ ತಿಂಗಳುಗಟ್ಟಲೆ ಕಷಾಯ ಕುಡಿದ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವೈದ್ಯರು ವರದಿ ಮಾಡಿದ್ದರು. ಇದನ್ನೇ ಹೋಲುವ ಇನ್ನೊಂದು ಬಳ್ಳಿ ಇದೆ, ಟೈನೋಸ್ಪೋರಾ ಕ್ರಿಸ್ಪಾ, ಅದರ ಕಾಂಡದ ತುಂಬ ಗಂಟು ಗಂಟು ನರೂಲಿಯಂಥ ಉಬ್ಬು. ಅದನ್ನೇ ಅಮೃತಬಳ್ಳಿ ಅಂದುಕೊಂಡು ತರಬಾರದು. ಬಳ್ಳಿ ಬೆಳೆಸುವುದು ಮಾತ್ರ ತೀರಾ ಸುಲಭ, ಕಡ್ಡಿ ಚುಚ್ಚಿ ಒಂದು ಮರ ತೋರಿಸಿದರೆ ಹತ್ತುತ್ತದೆ. ಆಡುಸೋಗೆ ಬೇಲಿಗೆ ಒಳ್ಳೆಯದು, ಕಹಿ ಇರುವುದರಿಂದ ದನ ಬಾಯಿ ಹಾಕುವುದಿಲ್ಲ. ಕೆಮ್ಮಿಗೆ ಕಷಾಯ ಮಾಡುತ್ತಾರೆ, ಆದರೆ ಬಸುರಿಯರು ಕುಡಿಯಬಾರದು, ಅದರಲ್ಲಿರುವ ವ್ಯಾಸಿಸಿನ್ ಗರ್ಭಕೋಶ ಹಿಂಡುವಂತೆ ಮಾಡುತ್ತದೆ. ಮಧುನಾಶಿನಿ ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿದರೆ ಸ್ವಲ್ಪ ಹೊತ್ತು ಮರಳು ತಿಂದ ಹಾಗೆ ಅನ್ನಿಸುತ್ತದೆ, ಮಕ್ಕಳಿಗೆ ತೋರಿಸಲು ಚೆನ್ನಾಗಿದೆ. ಅದನ್ನು ನಂಬಿ ಯಾರೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ.

ಹಾಗಾಗಿ ಈಗ ಪ್ರತಿ ಗಿಡದ ಬುಡದಲ್ಲೂ ಒಂದು ತಗಡಿನ ಚೂರು ನೆಟ್ಟಿದ್ದೇನೆ. ಮನೆಯಲ್ಲಿ ಕರೆಯುವ ಹೆಸರು, ಸಸ್ಯಶಾಸ್ತ್ರದ ಹೆಸರು, ನೆಟ್ಟ ತಿಂಗಳು, ಮತ್ತೆ "ಬೇಯಿಸಿ" ಅಥವಾ "ಹಸಿ" ಅಂತ ಒಂದು ಪದ. ಮೊದಲು ಪೇಂಟಿನಲ್ಲಿ ಬರೆದಿದ್ದೆ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಅಳಿಸಿಹೋಯಿತು. ಮೊಳೆಯಲ್ಲಿ ಗೀಚಿದ್ದು ಹಾಗೇ ಇದೆ.